ಎಡಕ್ಕೆ ಸುತ್ತುವ ನಿಧಾನಮ್ಮ

ಹನ್ನೊಂದು ವರ್ಷದ ಹಿಂದೆ, ಇನ್ನೂ ನಾಲ್ಕೇ ಹಲ್ಲು ಬಂದಿದ್ದ ಒಂದು ಕೂಸಿಗೆ ನಾನು ಮಾತು ಕೊಟ್ಟೆ. ಕೂಸು ನನ್ನ ಮಗಳು ಹೊನ್ನಿ. ಮಾತು ಕೊಡುವಾಗ ಅವಳು ಒದ್ದೆ ಮೈಯಲ್ಲಿ ನನ್ನ ಸೊಂಟದ ಮೇಲೆ ಕೂತು ನನ್ನ ಮೂಗುಬೊಟ್ಟು ಕೀಳುವುದರಲ್ಲಿ ಮುಳುಗಿದ್ದಳು. ಅವಳಿಗೆ ಅದೆಲ್ಲ ಎಲ್ಲಿ ನೆನಪಿರಬೇಕು ಅಂದುಕೊಂಡು ನಾನು ಧೈರ್ಯವಾಗಿ ದೊಡ್ಡ ಮಾತನ್ನೇ ಕೊಟ್ಟುಬಿಟ್ಟೆ. ಆದರೆ ಪಕ್ಕದಲ್ಲಿ ನಮ್ಮತ್ತೆ ದ್ಯಾಮವ್ವ ನಿಂತಿದ್ದರು. ಅವರ ಕಿವಿಗೆ ಬಿದ್ದದ್ದು ನೆಲಕ್ಕೆ ಬೀಳುವುದಿಲ್ಲ.

ಅವತ್ತು ನಿಧಾನಮ್ಮ ಊರ ಮೇಲೆ ಹಾದುಹೋಗುತ್ತಿದ್ದ ದಿನ. ಊರಿಗೆಲ್ಲ ಬಟ್ಟೆ ಒಗೆಯುವ ಮನೆ ನಮ್ಮದೊಂದೇ ಆದ್ದರಿಂದ ಬಾಗಿಲಲ್ಲಿ ಗಂಟುಗಳು ಸೂರಿನ ಎತ್ತರಕ್ಕೆ ಬಿದ್ದಿದ್ದವು. ನಾನು ಕಾಲುವೆಯ ಕಲ್ಲಿನ ಮೇಲೆ ಬೆಳಗಿನಿಂದ ಬಟ್ಟೆ ಎತ್ತಿ ಎತ್ತಿ ಬಡಿಯುತ್ತಿದ್ದೆ. ತೊಟ್ಟಿಲಲ್ಲಿ ಅತ್ತು ಅತ್ತು ಸಾಕಾದ ಕೂಸು ಹೇಗೋ ಕೆಳಗಿಳಿದು, ಅಂಬೆಗಾಲಿಟ್ಟು ಬಂದು, ನನ್ನ ಬೆನ್ನ ಹಿಂದೆಯೇ ನೀರಿಗೆ ಜಾರಿತು. ನನಗೆ ಗೊತ್ತೇ ಆಗಲಿಲ್ಲ. ಅತ್ತೆ ಓಡಿಬಂದು ಒಂದು ಕಾಲು ಹಿಡಿದು ಎತ್ತಿದರು. ಕೂಸು ಎರಡು ಸಲ ಕೆಮ್ಮಿ, ನನ್ನನ್ನು ನೋಡಿ ನಕ್ಕಿತು. ಆ ನಗು ನೋಡಿ ನಾನು ಹೇಳಿದ್ದು ಇಷ್ಟೇ: ಮುಂದಿನ ಸಲ ನಿಧಾನಮ್ಮ ನಮ್ಮ ಬೀದಿಯ ಮೇಲೆ ಬಂದಾಗ ನಾನು ಒಂದು ಬಟ್ಟೆಯನ್ನೂ ಮುಟ್ಟುವುದಿಲ್ಲ, ಅವಳು ಬೀದಿ ದಾಟುವವರೆಗೆ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ.

ನಮ್ಮೂರು ಒಂದು ದಿಣ್ಣೆಯ ಸುತ್ತ ಕುದುರೆ ಲಾಳದ ಹಾಗೆ ಹಬ್ಬಿಕೊಂಡಿದೆ. ಲಾಳದ ಒಂದು ತುದಿಯಲ್ಲಿ ಒಂದನೇ ಬೀದಿ, ಇನ್ನೊಂದು ತುದಿಯಲ್ಲಿ ನಮ್ಮ ಒಂಬತ್ತನೇ ಬೀದಿ, ಎರಡರ ನಡುವೆ ಊರ ಬಾಗಿಲು. ಊರ ಮೇಲೆ ನಕ್ಷತ್ರದ ಗೊಂಚಲುಗಳು ಓಡಾಡುತ್ತವೆ, ಹುಣಸೆಮರದ ತುದಿಗಿಂತ ಒಂದಿಷ್ಟು ಮೇಲೆ, ಹಗಲೂ ಕಾಣುವ ಹಾಗೆ. ಒಂದೊಂದರಲ್ಲೂ ಎಷ್ಟೋ ಸಾವಿರ ನಕ್ಷತ್ರ. ನಡುವೆ ಒತ್ತೊತ್ತು, ಅಂಚಿಗೆ ಬಂದ ಹಾಗೆ ಬಿಡಿಬಿಡಿ, ಒಟ್ಟಾರೆ ಉದುರುದುರಾಗಿ ಕಟ್ಟಿದ ರವೆ ಉಂಡೆ. ಹಿರೀಕ ಅನ್ನುವುದು ತಿಂಗಳಿಗೊಮ್ಮೆ ಬರುತ್ತದೆ, ತುಂಟ ಪ್ರತಿ ಗುರುವಾರ. ನಿಧಾನಮ್ಮ ಮಾತ್ರ ಎಲ್ಲೆಲ್ಲೋ ದೂರ ಹೋಗಿ ಹನ್ನೊಂದು ವರ್ಷಕ್ಕೊಮ್ಮೆ ಬಂದು, ಒಂದೊಂದು ಬೀದಿಯ ಮೇಲೂ ಒಂದೂವರೆ ಗಂಟೆ ನಿಂತು ಉಸಿರಾಡಿಕೊಂಡು ಮುಂದೆ ಹೋಗುತ್ತಾಳೆ.

ಗೊಂಚಲು ಹೋಗುವಾಗ ಹುಡಿ ಉದುರುತ್ತದೆ. ಅದಕ್ಕೆ ಊರು ಯಾವತ್ತೋ ಒಗ್ಗಿಕೊಂಡಿದೆ. ಗುರುವಾರ ಯಾರೂ ಗೋಡೆಗೆ ಸುಣ್ಣ ಬಳಿಸುವುದಿಲ್ಲ. ಹಾಲಿನವರು ಕ್ಯಾನಿಗೆ ಎರಡು ಪದರ ಬಟ್ಟೆ ಕಟ್ಟುತ್ತಾರೆ. ಹೆಣ್ಣು ನೋಡಲು ಬರುವವರಿಗೆ ಮೊದಲು ಕೇಳುವ ಪ್ರಶ್ನೆ ಕೊಡೆ ತಂದಿದ್ದೀರಾ ಅಂತ. ತುಂಟನ ಹುಡಿ ತುಕ್ಕಿನ ಬಣ್ಣದ್ದು, ಬಿಳಿ ಅಂಗಿಯ ಮೇಲೆ ಬಿದ್ದರೆ ಹುಣಸೆಹಣ್ಣು ಹಾಕಿ ಉಜ್ಜಬೇಕು. ಹಿರೀಕನದು ತೆಳು ಕಂದು. ನಿಧಾನಮ್ಮನದು ಅಕ್ಕಿಹಿಟ್ಟಿನಷ್ಟು ಬಿಳಿ, ನೋಡಲು ಸಾಧು, ಆದರೆ ಮೂರು ಗಂಟೆಯೊಳಗೆ ನೆನೆಹಾಕದಿದ್ದರೆ ನೂಲಿನೊಳಗೆ ಕೂತುಬಿಡುತ್ತದೆ. ಆಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ.

ಹೊನ್ನಿ ಮಾತು ಕಲಿಯುವ ಹೊತ್ತಿಗೇ ಅತ್ತೆ ಅವಳಿಗೆ ನನ್ನ ಮಾತನ್ನು ಕಲಿಸಿದ್ದರು. ನಾಲ್ಕು ವರ್ಷಕ್ಕೆ ಅವಳು ದಿನಾ ಬೆಳಗ್ಗೆ ಎದ್ದವಳೇ ನಿಧಾನಮ್ಮ ಇವತ್ತಾ ಅಂತ ಕೇಳುತ್ತಿದ್ದಳು. ಏಳು ವರ್ಷಕ್ಕೆ ಕೂರುವ ಜಾಗ ಗೊತ್ತುಮಾಡಿದಳು, ನಮ್ಮ ಮನೆಯ ಜಗುಲಿಯ ಎಡಗಡೆ, ಕಂಬಕ್ಕೆ ಒರಗಿ. ಒಂಬತ್ತಕ್ಕೆ ತಿನ್ನಲು ಏನೇನು ಇರಬೇಕು ಅಂತ ಪಟ್ಟಿಯಾಯಿತು. ಹತ್ತು ದಾಟಿದ ಮೇಲೆ ಕೇಳುವುದನ್ನೇ ಬಿಟ್ಟಳು. ಅದೊಂದೇ ಅಲ್ಲ, ಏನನ್ನೂ ಕೇಳುತ್ತಿರಲಿಲ್ಲ. ಶಾಲೆಯಿಂದ ಬಂದು, ತಾನೇ ಹಾಕಿಕೊಂಡು ಉಂಡು, ಮೂಲೆಯಲ್ಲಿ ಪುಸ್ತಕ ಹಿಡಿದು ಕೂರುವಳು. ನನ್ನ ಯಜಮಾನರು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಾ, ಮಗಳು ಎಷ್ಟು ಜಾಣೆ ಆಗಿದ್ದಾಳೆ, ಒಂದು ತಕರಾರಿಲ್ಲ ಅಂದರು. ನನಗೂ ಮೊದಮೊದಲು ಹಾಗೇ ಅನಿಸಿತ್ತು. ಕೆಲಸದ ಮನೆಯಲ್ಲಿ ತಕರಾರಿಲ್ಲದ ಮಗು ಇರುವುದು ಎಷ್ಟು ಸುಖ ಅಂತ ಗೊತ್ತಿರುವವರಿಗೇ ಗೊತ್ತು.

ಈ ಸಲದ ಬೋರ್ಡು ಯುಗಾದಿ ಕಳೆದು ಹದಿನೈದು ದಿನಕ್ಕೆ ಬಿತ್ತು. ಯಾವ ಗೊಂಚಲು ಯಾವ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಲೆಕ್ಕ ಹಾಕಿ ಬರೆಯುವುದು ಹೊತ್ತಿನ ಗುಮಾಸ್ತ ಶ್ರೀಕಂಠಯ್ಯನವರ ಕೆಲಸ. ಅವರಿಗಿಂತ ಮೊದಲು ಅವರ ತಂದೆ ಮಾಡುತ್ತಿದ್ದರು. ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ಸೋಮವಾರ ನಿಧಾನಮ್ಮ. ಬೆಳಗ್ಗೆ ಆರಕ್ಕೆ ಒಂದನೇ ಬೀದಿ, ಏಳೂವರೆಗೆ ಎರಡನೇ ಬೀದಿ. ಹೀಗೆ ಇಳಿದು ಇಳಿದು ಕೊನೆಗೆ ಸಂಜೆ ಆರಕ್ಕೆ ಒಂಬತ್ತನೇ ಬೀದಿ. ಸಂಜೆ ಆರು ಅಂದರೆ ಎಂಟು ಬೀದಿಯ ಗಂಟುಗಳು ನನ್ನ ತಲೆಯ ಮೇಲೆ ಕೂತಿರುವ ಹೊತ್ತು. ಒಂದು ನಿಮಿಷ ಕೈ ಬಿಟ್ಟರೆ ಹತ್ತು ಮನೆಯ ಬಟ್ಟೆ ಕೆಡುತ್ತದೆ.

ಅವತ್ತು ರೊಟ್ಟಿ ಬಡಿಯುತ್ತಾ ಹೊನ್ನಿಗೆ ಹೇಳಿದೆ. ನೇರವಾಗಿ ಹೇಳಲು ಬಾಯಿ ಬರದೆ, ಈ ಸಲ ಬೋರ್ಡು ನೋಡಿದೆಯಾ, ಸಂಜೆ ಹೊತ್ತಿಗೆ ಹಾಕಿದ್ದಾರೆ, ಏನು ಮಾಡುವುದೋ ಅಂತೆಲ್ಲ ಸುತ್ತಿ ಬಳಸಿದೆ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

“ಇರ್ಲಿ ಬಿಡವ್ವ,” ಅಂದಳು.

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವಳು ಇದನ್ನು ಮೊದಲೇ ಬಲ್ಲವಳ ಹಾಗೆ ಪುಟ ತಿರುಗಿಸಿದಳು. ಹಂಚಿನ ಮೇಲೆ ರೊಟ್ಟಿ ಸೀದದ್ದು ಅತ್ತೆ ಬಂದು ಹೇಳಿದ ಮೇಲೆ ನನಗೆ ತಿಳಿದದ್ದು. ಈ ಸಲ ಮಾತು ತಪ್ಪಿದರೆ ಇವಳು ಇನ್ನು ಯಾವತ್ತೂ ನನ್ನನ್ನು ಏನೂ ಕೇಳುವುದಿಲ್ಲ ಅನ್ನುವುದು ಅವತ್ತು ನನಗೆ ಗೋಡೆಯ ಮೇಲಿನ ಬರಹದಷ್ಟು ಸ್ಪಷ್ಟವಾಗಿ ಕಂಡಿತು.

ಮಾರನೆಯ ದಿನ ಗಂಟುಗಳಿಗೆ ಗುರುತು ಕಟ್ಟುವ ಚೀಟಿ ಹೊಂದಿಸಲು ಕೂತೆ. ನಮ್ಮ ಕೆಲಸದಲ್ಲಿ ಯಾವ ಬೀದಿಯ ಗಂಟು ಮೊದಲು ಬರುತ್ತದೋ ಅದು ಗೋಡೆಯ ಕಡೆ, ಆಮೇಲಿನದು ಅದರ ಮುಂದೆ. ಹೋದ ಸಲ ಹೇಗೆ ಜೋಡಿಸಿದ್ದೆ ಅಂತ ನೆನೆಸಿಕೊಂಡೆ. ಗೋಡೆಯ ಕಡೆ ಇದ್ದದ್ದು ನಮ್ಮ ಬೀದಿಯ ಗಂಟು. ಅದರ ಮುಂದೆ ಎಂಟನೇ ಬೀದಿಯ ಕುಂಬಾರರದು. ಒಂದನೇ ಬೀದಿಯ ರೇಷ್ಮೆ ಸೀರೆಗಳು ಬಂದದ್ದು ಎಲ್ಲರಿಗಿಂತ ಕೊನೆಗೆ, ದೀಪ ಹಚ್ಚಿದ ಮೇಲೆ. ಆಗ ನಾನು, ಮನೆ ಹತ್ತಿರ ಇರುವವರಿಗೆ ಆತುರ, ಸಿರಿವಂತರಿಗೆ ನಿಧಾನ ಅಂತ ಗೊಣಗಿಕೊಂಡಿದ್ದೆನೇ ಹೊರತು ಬೇರೇನೂ ಯೋಚಿಸಿರಲಿಲ್ಲ. ಅವತ್ತು ದಿನವಿಡೀ ಊರಿನ ಮೇಲೆ ಮಂಜು ಕವಿದಿತ್ತು, ಗೊಂಚಲನ್ನು ಯಾರೂ ಸರಿಯಾಗಿ ನೋಡಿರಲಿಲ್ಲ.

ಅತ್ತೆಯನ್ನು ಕೇಳಿದೆ. ಅವರು ರಾಗಿ ಬೀಸುತ್ತಿದ್ದರು. “ಅದರ ಹಿಂದಿನ ಸಲವೂ ಬೆಳಗ್ಗೆಯೇ ಬಂದಳು ಕಣೆ. ನಾನು ಕಣ್ಣಾರೆ ನೋಡಿ ಹೇಳಿದೆ. ಬೋರ್ಡಲ್ಲಿ ಸಂಜೆ ಅಂತಿದೆ, ನೀನು ನೋಡಿದ್ದು ತುಂಟನನ್ನ ಅಂದರು ಎಲ್ಲರೂ. ಆಮೇಲೆ ನಾನೂ ಇರಬಹುದು ಅಂದುಕೊಂಡೆ.”

ಆಕಾಶಕ್ಕಿಂತ ಬೋರ್ಡನ್ನು ನಂಬುವ ಊರು ನಮ್ಮದು.

ಮೂಲೆಯಲ್ಲಿದ್ದ ಹೊನ್ನಿ ಆಗ ಎದ್ದು ಬಂದಳು. ಬಂದವಳು ಅಜ್ಜಿಯ ಹಳೇ ಕೌದಿಯನ್ನು ಎಳೆದು ಹಾಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಹೊಲಿಗೆಯ ಸಂದಿಗಳಲ್ಲಿ ಶಾಲೆಯ ಅಯಸ್ಕಾಂತ ಆಡಿಸತೊಡಗಿದಳು. ಆ ಕೌದಿಯಲ್ಲಿ ಐದು ತಲೆಮಾರಿನ ಸೀರೆ ತುಂಡುಗಳಿವೆ, ಸಂದಿಸಂದಿಯಲ್ಲಿ ಐದು ತಲೆಮಾರಿನ ಹುಡಿ ಇದೆ. ತುಂಟನ ತುಕ್ಕು ಹುಡಿ ಚಟಕ್ಕನೆ ಅಯಸ್ಕಾಂತಕ್ಕೆ ಹಾರಿ ಅಂಟಿತು. ಹಿರೀಕನದು ಅರೆಮನಸ್ಸಿನಲ್ಲಿ ಬಂತು. ನಿಧಾನಮ್ಮನ ಬಿಳಿ ಹುಡಿ ಕದಲಲೇ ಇಲ್ಲ. ಇದು ಅವಳಿಗೆ ಹೊಸದಲ್ಲ, ಮೂಲೆಯಲ್ಲಿ ಕೂತು ಎರಡು ವರ್ಷದಿಂದ ಇದನ್ನೇ ಮಾಡುತ್ತಿದ್ದಳಂತೆ. ನಕ್ಷತ್ರಗಳ ಹೊಟ್ಟೆಯಲ್ಲಿ ಕಬ್ಬಿಣ ಬೇಯುತ್ತದೆ, ಅವು ಸತ್ತು ಸಿಡಿದರೆ ಅದೆಲ್ಲ ಚೆಲ್ಲುತ್ತದೆ, ಆ ಬೂದಿಯಲ್ಲಿ ಹುಟ್ಟಿದ ಮುಂದಿನ ನಕ್ಷತ್ರಗಳಲ್ಲಿ ಕಬ್ಬಿಣ ಹೆಚ್ಚು ಅಂತ ಏನೇನೋ ಹೇಳಿದಳು. ನನಗೆ ಅರ್ಥವಾಗಲಿಲ್ಲ ಅಂತ ಮುಖ ನೋಡಿ ಗೊತ್ತಾಗಿರಬೇಕು. ನಮ್ಮ ಕಾಲುವೆಯ ಕಲ್ಲುಗಳನ್ನು ನೆನೆಸಿಕೋ ಅಂದಳು. ಮೊದಲನೇ ಕಲ್ಲಿನ ಹತ್ತಿರ ನೀರು ತಿಳಿ. ಕೊನೇ ಕಲ್ಲಿಗೆ ಹೋಗುವ ಹೊತ್ತಿಗೆ ಮೇಲಿನವರೆಲ್ಲರ ಸೋಪು, ನೀಲಿ, ಕೊಳೆ ಸೇರಿರುತ್ತದೆ. ತುಂಟ ಕೊನೇ ಕಲ್ಲಿನ ನೀರು. ನಿಧಾನಮ್ಮ ಮೊದಲನೇ ಕಲ್ಲಿನ ನೀರು.

“ಅವಳು ವಯಸ್ಸಲ್ಲಿ ನಮ್ಮೂರಿಗಿಂತ ದೊಡ್ಡವಳವ್ವ. ಒಂಬತ್ತನೇ ಬೀದಿಯಿಂದ ಶುರುಮಾಡಿ ಎಡಕ್ಕೆ ಬೇರೆ ಸುತ್ತುತಾಳೆ ಅಂದ್ರೆ ನಮ್ಮೂರವಳಲ್ಲ. ಯಾವುದೋ ಸಣ್ಣ ಊರಿನವಳು. ಆ ಊರನ್ನ ನಮ್ಮೂರು ನುಂಗಿಬಿಟ್ಟಿದೆ.”

ಊರು ಊರನ್ನು ನುಂಗುವುದು ಹೇಗೆ ಅಂತ ಕೇಳಿದೆ. ಬೆಳೆಯುವ ಊರು ಇನ್ನು ಹೇಗೆ ಬೆಳೆಯುತ್ತದೆ, ಪಕ್ಕದ್ದನ್ನು ಒಳಗೆ ಹಾಕಿಕೊಂಡೇ ತಾನೇ ಅಂದಳು. ಮನೆಗಳು, ಜನ, ಬಾವಿ ಎಲ್ಲ ಬೆರೆತು ಗುರುತು ಸಿಗದಂತಾಗುತ್ತವೆ. ಗೊಂಚಲು ಮಾತ್ರ ಬಿಗಿಯಾಗಿ ಗಂಟು ಕಟ್ಟಿಕೊಂಡಿರುವುದರಿಂದ ಬಿಚ್ಚುವುದಿಲ್ಲ, ಹಳೇ ರೂಢಿಯಲ್ಲೇ ಸುತ್ತುತ್ತಿರುತ್ತದೆ. ಇಷ್ಟು ಉದ್ದಕ್ಕೆ ಅವಳು ನನ್ನ ಹತ್ತಿರ ಮಾತಾಡಿ ಎರಡು ವರ್ಷವಾಗಿತ್ತು. ನಾನು ಚೀಟಿ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದೆ. ಬೀಸುವ ಕಲ್ಲಿನ ಸದ್ದು ನಿಂತದ್ದು ಆಗಲೇ. ಅತ್ತೆ ಗೂಟದ ಮೇಲಿದ್ದ ತಮ್ಮ ಕೈಯನ್ನು ನೋಡಿಕೊಳ್ಳುತ್ತಿದ್ದರು. ನಮ್ಮ ಬೀದಿಯವರು ಬೀಸುವ ಕಲ್ಲನ್ನು ಎಡಕ್ಕೆ ತಿರುಗಿಸುತ್ತಾರೆ. ನಾನು ನಾಲ್ಕನೇ ಬೀದಿಯಿಂದ ಮದುವೆಯಾಗಿ ಬಂದಾಗ ಇದೇ ವಿಷಯಕ್ಕೆ ಒಂದು ತಿಂಗಳು ಬೈಸಿಕೊಂಡಿದ್ದೆ, ಈ ಮುದುಕಿಗೆ ಎಲ್ಲವೂ ತಿರುಗಾಮುರುಗಾ ಅಂತ ತವರಿನಲ್ಲಿ ಹೇಳಿ ನಗಿಸಿದ್ದೆ.

ಅತ್ತೆ, ಹಾಗಾದರೆ ನಾವು ಈ ಊರಿಗೆ ಬಂದವರಲ್ಲ, ಈ ಊರೇ ನಮ್ಮ ಮನೆ ಬಾಗಿಲಿಗೆ ಬಂದದ್ದು ಅಂತ ತೀರ್ಮಾನ ಕೊಟ್ಟು, ಮತ್ತೆ ಎಡಕ್ಕೆ ಬೀಸತೊಡಗಿದರು.

ನಾನೂ ಹೊನ್ನಿಯೂ ಶ್ರೀಕಂಠಯ್ಯನವರ ಹತ್ತಿರ ಹೋದೆವು. ಅವರು ಒಳ್ಳೆಯವರು, ಕೂರಿಸಿ ಮಜ್ಜಿಗೆ ಕೊಟ್ಟರು. ವಿಷಯ ಕೇಳಿ ನಕ್ಕರು. ಎಲ್ಲ ಗೊಂಚಲೂ ಊರ ಬಾಗಿಲಲ್ಲಿ ಬಲಕ್ಕೆ ತಿರುಗಿ ಒಂದನೇ ಬೀದಿಯಿಂದಲೇ ಸುತ್ತು ಶುರುಮಾಡುವುದು, ಎಡಕ್ಕೆ ತಿರುಗುವುದಕ್ಕೆ ಅದೇನು ದಾರಿ ತಪ್ಪಿದ ಎಮ್ಮೆಯೇ ಅಂದರು. ಹೊನ್ನಿ ಮೇಜಿನ ಮೇಲೆ ಎರಡು ಚಿಟಿಕೆ ಹುಡಿ ಸುರಿದು ಅಯಸ್ಕಾಂತ ಆಡಿಸಿ ತೋರಿಸಿದಳು. ನಾನು ಗಂಟುಗಳು ಬಂದ ಸಾಲನ್ನು ಹೇಳಿದೆ. ಅವರು ನಗುವುದನ್ನು ನಿಲ್ಲಿಸಿ ಒಳಗೆ ಹೋಗಿ ತಂದೆಯ ಕಾಲದ ಪುಸ್ತಕ ತಂದರು. ನಿಧಾನಮ್ಮನ ಪುಟದಲ್ಲಿ ತಂದೆಯವರು ಮೊದಲು ಒಂಬತ್ತು, ಎಂಟು, ಏಳು ಅಂತ ಬರೆದಿದ್ದರು. ಅದರ ಮೇಲೆ ಅಡ್ಡಗೆರೆ ಎಳೆದು, ‘ಕಣ್ತಪ್ಪು’ ಅಂತ ಬರೆದು, ಪಕ್ಕದಲ್ಲಿ ಒಂದು, ಎರಡು, ಮೂರು ಅಂತ ತಿದ್ದಿದ್ದರು.

ಶ್ರೀಕಂಠಯ್ಯನವರು ಬಹಳ ಹೊತ್ತು ಆ ಅಡ್ಡಗೆರೆಯನ್ನು ನೋಡಿದರು. ಆಮೇಲೆ ಪುಸ್ತಕ ಮುಚ್ಚಿದರು.

“ನೀನು ಹೇಳೋದು ಸರಿ ಇರಬಹುದು ತಾಯಕ್ಕ. ಆದರೆ ಬೋರ್ಡು ಬರೆದಾಯಿತಲ್ಲ. ಒಂದನೇ ಬೀದಿಯವರು ಆರು ಗಂಟೆಗೆ ನಾದಸ್ವರದವರನ್ನು ಬೇರೆ ಕರೆಸಿದ್ದಾರೆ. ಈಗ ಅಳಿಸಿದರೆ ನನ್ನ ತಂದೆಯನ್ನೇ ಅಳಿಸಿದ ಹಾಗೆ.”

ದಾರಿಯಲ್ಲಿ ಬರುವಾಗ ನನಗೆ ನಗು ತಡೆಯಲಾಗಲಿಲ್ಲ. ನಿಧಾನಮ್ಮ ಬೆಳಗ್ಗೆ ಆರಕ್ಕೆ ನಮ್ಮ ಬೀದಿಗೆ ಬಂದರೆ ಅಷ್ಟು ಹೊತ್ತಿಗೆ ಯಾರ ಮನೆಯ ಗಂಟೂ ಬಂದಿರುವುದಿಲ್ಲ, ನಾನು ಹಾಯಾಗಿ ಕೂರಬಹುದು. ಹೊನ್ನಿಗೆ ಅದನ್ನು ಹೇಳಿದೆ. ಅವಳು ನನ್ನನ್ನು ಓರೆಗಣ್ಣಿನಿಂದ ನೋಡಿ, ನೋಡೋಣ ಅಂದಳು. ನೋಡೋಣ ಅನ್ನುವುದು ಇರಲಿ ಬಿಡು ಅನ್ನುವುದಕ್ಕಿಂತ ಎಷ್ಟೋ ವಾಸಿ.

ನಮ್ಮ ಬೀದಿಯವರಿಗೂ ಮನೆಮನೆಗೆ ಹೋಗಿ ಹೇಳಿದೆ, ಸೋಮವಾರ ಬೆಳಗ್ಗೆ ಏನನ್ನೂ ಹೊರಗೆ ಹಾಕಬೇಡಿ ಅಂತ. ಹಪ್ಪಳ ಸಂಡಿಗೆಯ ಕಾಲ. ಆಯಿತು ಆಯಿತು ಅಂದರು. ಎದುರು ಮನೆಯ ಚೌಡಕ್ಕ ಮಾತ್ರ ಮುಖಕ್ಕೇ ಹೇಳಿದಳು, ನಮ್ಮದು ಸಂಜೆ ಆರಕ್ಕೆ ಅಂತ ಅಚ್ಚಗನ್ನಡದಲ್ಲಿ ಬರೆದಿದ್ದಾರೆ, ನನಗೆ ಓದಲು ಬರುತ್ತೆ ಅಂತ.

ಸೋಮವಾರ ಬೆಳಗ್ಗೆ ಐದಕ್ಕೇ ಬೀದಿಯವರೆಲ್ಲ ಚಾಪೆ ಹಾಸಿ ಸಂಡಿಗೆ ಇಟ್ಟಿದ್ದರು. ಬಿಸಿಲೇರುವ ಮೊದಲು ಇಟ್ಟರೆ ಸಂಜೆಯೊಳಗೆ ಒಣಗಿಸಿ ತೆಗೆಯಬಹುದಲ್ಲ ಅನ್ನುವ ಲೆಕ್ಕ. ತಂತಿಯ ತುಂಬ ಬಟ್ಟೆ. ಅತ್ತ ಊರ ಬಾಗಿಲಿನ ಆಚೆ ಬದಿ ಒಂದನೇ ಬೀದಿಯಲ್ಲಿ ನಾದಸ್ವರದವರು ಶ್ರುತಿ ಕೂಡಿಸುವುದು ಕೇಳುತ್ತಿತ್ತು. ಆರಕ್ಕೆ ಎರಡು ನಿಮಿಷ ಇರುವಾಗ ಊರ ಬಾಗಿಲ ಹತ್ತಿರ ನಿಧಾನಮ್ಮ ಕಾಣಿಸಿದಳು. ಒಂದು ಗಳಿಗೆ ಅಲ್ಲೇ ತೂಗಾಡಿದ ಹಾಗಿತ್ತು. ಆಮೇಲೆ ಎಡಕ್ಕೆ ತಿರುಗಿದಳು.

ಹೊನ್ನಿ ಜಗುಲಿಯ ಎಡಗಡೆ ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಇನ್ನೊಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದಳು. ನಾನು ಹೋಗಿ ಕೂತೆ. ಹೆಂಚಿನ ಮೇಲೆ ಹುಡಿ ಸಣ್ಣಗೆ ಸುರಿಯತೊಡಗಿತು. ಅಷ್ಟರಲ್ಲಿ ಬೀದಿ ಎದ್ದಿತು. ಚೌಡಕ್ಕ ಚಾಪೆಯ ಒಂದು ತುದಿ ಹಿಡಿದುಕೊಂಡು ಇನ್ನೊಂದು ತುದಿಗೆ ನನ್ನನ್ನು ಕೂಗಿದಳು. ಆಚೆ ಮನೆಯವರು ತಂತಿಯ ಬಟ್ಟೆ ಎಳೆಯುತ್ತಾ, ತಾಯಕ್ಕ ಬಾ, ಈಗಲೇ ನೆನೆಹಾಕಿದರೆ ಉಳಿಯುತ್ತೆ ಅಂದರು. ನನ್ನ ಕೈಗಳು ನನಗಿಂತ ಮೊದಲು ಎದ್ದವು. ಹದಿನೇಳು ವರ್ಷದ ಅಭ್ಯಾಸ. ಹೊನ್ನಿ ಅವುಗಳನ್ನೇ ನೋಡುತ್ತಿದ್ದಳು.

“ಹೋಗವ್ವ. ನಾನೇನೂ ಅಂದ್ಕೊಳ್ಳಲ್ಲ,” ಅಂದಳು.

ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಏನಾದರೂ ಮಾತಾಡಬೇಕಲ್ಲ ಅಂತ ಮೇಲೆ ನೋಡಿ, ಎಡಗಡೆ ಅಂಚಿನಲ್ಲಿ ಕುಂಕುಮದಷ್ಟು ಕೆಂಪಗೆ ಒಂದು ನಕ್ಷತ್ರ ಇದೆ ನೋಡು, ಎಷ್ಟು ಚೆನ್ನಾಗಿದೆ ಅಂದೆ. ಯಾವುದು ಅಂದಳು. ಬೆರಳು ಮಾಡಿ ತೋರಿಸಿದೆ. ಅದರ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಏಳೆಂಟು ಇವೆಯಲ್ಲ, ಅದರ ಪಕ್ಕ ಅಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಕತ್ತು ಮುಂದೆ ಚಾಚಿ ನೋಡಿದಳು.

“ಗೊಂಚಲಲ್ಲಿ ಬಿಡಿಬಿಡಿ ಕಾಣುತ್ತಾ? ನನಗೆ ಎಲ್ಲವೂ ಹತ್ತಿ ಉಂಡೆ ಥರಾನೇ ಕಾಣೋದು. ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಸಾವಿರಾರು ನಕ್ಷತ್ರ ಅಂತ ಇರೋದು ಲೆಕ್ಕ ಹಾಕಿ ಬರೆದಿರೋದು ಅಂತ.”

ನಾನು ಮೆಲ್ಲಗೆ ಒಂದೊಂದೇ ಕೇಳಿದೆ. ಚೌಡಕ್ಕನ ಬಾಗಿಲ ಮೇಲಿನ ತೋರಣ ಕಾಣುತ್ತದಾ? ಹಸಿರು ಅಂತ ಗೊತ್ತಾಗುತ್ತದೆ. ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆದದ್ದು? ಇಲ್ಲ. ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಾಳಂತೆ, ಅವಳು ಬಾರದ ದಿನ ಸುಮ್ಮನೆ ಕೂರುತ್ತಾಳಂತೆ. ಹೋದ ವರ್ಷ ಮೇಷ್ಟ್ರು, ಹುಡುಗಿಗೆ ಪಾಠದಲ್ಲಿ ಗಮನವಿಲ್ಲ ಅಂತ ಚೀಟಿ ಕಳಿಸಿದ್ದರು. ನಾನು ಒದ್ದೆ ಕೈಯಲ್ಲೇ ಅದನ್ನು ಓದಿ, ಒದ್ದೆ ಕೈಯಲ್ಲೇ ಅವಳಿಗೆ ಎರಡು ಬಿಟ್ಟಿದ್ದೆ. ಯಾಕೆ ಹೇಳಲಿಲ್ಲ ಅಂತ ಈಗ ಕೇಳಿದೆ. ಎರಡು ಮೂರು ಸಲ ಹೇಳಲು ಬಂದಿದ್ದಳಂತೆ, ನಾನು ಕಲ್ಲಿನ ಹತ್ತಿರ ಇದ್ದೆನಂತೆ. ದೂರಿನ ದನಿಯಲ್ಲಿ ಹೇಳಲಿಲ್ಲ, ನಡೆದದ್ದನ್ನು ಹೇಳುವ ಹಾಗೆ ಹೇಳಿದಳು.

ಆಮೇಲೆ ನಾನು ಅವಳಿಗೆ ನಿಧಾನಮ್ಮನನ್ನು ಓದಿ ಹೇಳಿದೆ. ಮೇಲಿನ ಅಂಚಿನಿಂದ ಶುರುಮಾಡಿ, ಕೆಂಪಗಿನವು ಎಲ್ಲಿ, ಹಳದಿಯವು ಎಲ್ಲಿ, ಒಂಟಿಯಾಗಿ ದೂರ ಸರಿದವು ಎಷ್ಟು, ಅವು ಹಿಂದೆ ಹೇಗೆ ಬಾಲದ ಹಾಗೆ ಸಾಲಾಗಿ ಉಳಿದಿವೆ, ನಡುವೆ ನನಗೂ ಬಿಡಿಸಿ ನೋಡಲಾಗದಷ್ಟು ಹೇಗೆ ಒತ್ತಿಕೊಂಡಿವೆ ಅಂತ. ಅವಳು ನನ್ನ ತೋಳಿಗೆ ಒರಗಿ ಕೇಳಿದಳು, ಮಧ್ಯೆ ಮಧ್ಯೆ ಸರಿಯಾಗಿ ನೋಡಿ ಹೇಳು ಅಂತ ಗದರಿಸಿದಳು. ಕನ್ನಡಕ ಮಾಡಿಸೋಣ ಅಂದದ್ದಕ್ಕೆ, ಅದು ಬಂದ ಮೇಲೆ ಹಿರೀಕನನ್ನು ತಾನು ನನಗೆ ಓದಿ ಹೇಳುವುದಾಗಿಯೂ, ನಾನು ಆಗಲೂ ಕೂರಬೇಕೆಂದೂ ಹೇಳಿದಳು. ಎರಡು ವರ್ಷದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಬೀದಿಯಲ್ಲಿ ಚೌಡಕ್ಕ ನನ್ನ ತವರಿನವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತಿದ್ದಳು. ಸಂಡಿಗೆಗಳು ಬೆಳ್ಳಗೆ ಮಿನುಗತೊಡಗಿದ್ದವು. ಅತ್ತೆ ಒಳಗಿನಿಂದ ಒಂದು ತಟ್ಟೆ ಹುರಿಗಡಲೆ ಬೆಲ್ಲ ತಂದು ನಮ್ಮಿಬ್ಬರ ನಡುವೆ ಇಟ್ಟು, ತಮ್ಮ ಪಾಡಿಗೆ ಹೋಗಿ ಚೌಡಕ್ಕನ ಚಾಪೆಯ ಇನ್ನೊಂದು ತುದಿ ಹಿಡಿದರು. ಮೊದಲ ಗಂಟು ಜಗುಲಿಯ ಕೆಳಗೆ ದೊಪ್ಪನೆ ಬಿತ್ತು, ಆಮೇಲೆ ಎರಡನೆಯದು, ಆಮೇಲೆ ನಾನು ಎಣಿಸಲಿಲ್ಲ. ನಾದಸ್ವರ ಯಾವಾಗಲೋ ನಿಂತುಹೋಗಿತ್ತು.

ಏಳೂವರೆಗೆ ನಿಧಾನಮ್ಮ ಎಂಟನೇ ಬೀದಿಗೆ ದಾಟಿದಳು. ಅಲ್ಲಿಯವರೆಗೆ ನಾನು ಒಂದು ಬಟ್ಟೆಯನ್ನೂ ಮುಟ್ಟಲಿಲ್ಲ.